ಖಾಲಿ ಗೋದಲಿಯ ರಾತ್ರಿ: ಕುದುರೆಯ ಹಳೆಯ ಹೊಟ್ಟೆನೋವಿಗೆ ಮೇವಿನ ದಾರಿ

ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮುಗಿಸುತ್ತೇನೆ. ಹೊರಗೆ ಬೇವಿನ ಮರದ ಕೆಳಗೆ ಕಟ್ಟಿರುವ ಕಂದು ಕುದುರೆಯ ಲದ್ದಿ ಇದು. ಈಗಷ್ಟೇ ಬಿದ್ದದ್ದು. ನೆಲದ ಮಣ್ಣು ಸೇರಬಾರದೆಂದು ರಾಶಿಯ ಮೇಲಿನಿಂದ ಐದಾರು ಉಂಡೆ ಮಾತ್ರ ಎತ್ತಿಕೊಂಡು ಬಂದಿದ್ದೇನೆ. ನಾವು ತಪಾಸಣೆಗೆ ತೊಡುವ ಉದ್ದನೆಯ ಪ್ಲಾಸ್ಟಿಕ್ ಕೈಗವಸಿಗೆ ಇದನ್ನು ಹಾಕಿ, ಒಂದು ಲೀಟರಿನಷ್ಟು ನೀರು ಸುರಿದು, ಚೆನ್ನಾಗಿ ಕಿವುಚಿ, ಬೆರಳುಗಳು ಕೆಳಗೆ ಬರುವಂತೆ ಈ ಕಿಟಕಿಯ ಸರಳಿಗೆ ತೂಗುಹಾಕುತ್ತೇನೆ. ಅದು ಅಲ್ಲೇ ಇರಲಿ. ಕೊನೆಯಲ್ಲಿ ಎಲ್ಲರೂ ಹೋಗಿ ನೋಡೋಣ.

ಕೆಲವು ವರ್ಷಗಳ ಹಿಂದೆ ಹಿರಿಯರೊಬ್ಬರು ತಮ್ಮ ಟಾಂಗಾದ ಹೆಣ್ಣು ಕುದುರೆಯನ್ನು ನನ್ನ ಬಳಿ ತಂದರು. ಹನ್ನೊಂದು ವರ್ಷದ ಕುದುರೆ, ಸಾಧು ಸ್ವಭಾವ. ಮೂರು ವಾರಕ್ಕೊಮ್ಮೆ ತಪ್ಪದೆ ಶೂಲೆ, ಅಂದರೆ ಜೋರು ಹೊಟ್ಟೆನೋವು, ಬರುತ್ತಿತ್ತು. ಕಾಲಿನಿಂದ ನೆಲ ಕೆರೆಯುವುದು, ತಿರುತಿರುಗಿ ಪಕ್ಕೆ ನೋಡಿಕೊಳ್ಳುವುದು, ಮಲಗಿ ಏಳುವುದು. ಪ್ರತಿ ಸಲವೂ ಯಾರಾದರೂ ಬಂದು ನೋವಿನ ಸೂಜಿ ಹಾಕಿ ಹೋಗುತ್ತಿದ್ದರು. ಎರಡು ದಿನಕ್ಕೆ ಸರಿಹೋಗುತ್ತಿತ್ತು, ಮತ್ತೆ ಮೂರು ವಾರಕ್ಕೆ ಅದೇ ಪಾಡು. ಜಂತಿನ ಔಷಧಿ ಆಗಿತ್ತು, ಎಣ್ಣೆ ಕುಡಿಸಿದ್ದಾಗಿತ್ತು, ದೃಷ್ಟಿಯನ್ನೂ ತೆಗೆಸಿದ್ದರು. "ಡಾಕ್ಟರ್ ಸಾಹೇಬರೇ, ಇದರ ಹೊಟ್ಟೆಯಲ್ಲಿ ಏನೋ ಕೂತಿದೆ, ಅದನ್ನು ತೆಗೆದುಬಿಡಿ" ಎಂದು ಅವರು ಕೈಮುಗಿದದ್ದು ಈಗಲೂ ಕಣ್ಣ ಮುಂದಿದೆ.

ನಾನು ಹೊಟ್ಟೆ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿದೆ: ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆಯವರೆಗೆ ಇದರ ಬಾಯಿಗೆ ಏನೇನು ಹೋಯಿತು, ಎಷ್ಟು ಗಂಟೆಗೆ ಹೋಯಿತು? ಬೆಳಿಗ್ಗೆ ಐದಕ್ಕೆ ಬೇಯಿಸಿದ ಹುರುಳಿ, ಜೊತೆಗೆ ಬೂಸಾ. ಆರಕ್ಕೆ ಗಾಡಿ. ಮಧ್ಯಾಹ್ನ ನಿಲ್ದಾಣದಲ್ಲಿ ಒಂದು ಕಟ್ಟು ಹಸಿಹುಲ್ಲು. ರಾತ್ರಿ ಏಳಕ್ಕೆ ಮತ್ತೆ ಹುರುಳಿ, ಬೂಸಾ, ಒಂದಿಷ್ಟು ಭತ್ತದ ಹುಲ್ಲು. ಎಂಟು ಗಂಟೆಗೆ ಗೋದಲಿ ಖಾಲಿ. ಅಲ್ಲಿಂದ ಬೆಳಿಗ್ಗೆ ಐದರವರೆಗೆ ಒಂಬತ್ತು ಗಂಟೆ ಆ ಪ್ರಾಣಿ ಗೋಡೆ ನೋಡುತ್ತ ನಿಂತಿರುತ್ತಿತ್ತು. ಬರಬರುತ್ತ ಗೋದಲಿಯ ಮರವನ್ನೇ ಕಡಿಯಲು ಕಲಿತಿತ್ತು. ಅದನ್ನು ಕೆಟ್ಟ ಚಟ ಎಂದು ಮನೆಯವರು ಬೈಯುತ್ತಿದ್ದರು.

ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಒಂಬತ್ತು ಗಂಟೆಗಳ ಸುತ್ತಲೇ ಇದೆ.

ನಾವು ಹಸು ಸಾಕಿ ಬೆಳೆದ ಜನ. ಹಾಗಾಗಿ ಕುದುರೆಯನ್ನೂ ಹಸುವಿನ ಲೆಕ್ಕದಲ್ಲೇ ನೋಡುತ್ತೇವೆ. ಹಸು ಗಬಗಬನೆ ನುಂಗಿ, ಆಮೇಲೆ ನೆರಳಲ್ಲಿ ಕೂತು ಮೆಲುಕು ಹಾಕುತ್ತದೆ. ಅದಕ್ಕೆ ಗೋದಲಿ ಖಾಲಿಯಾದರೂ ಬಾಯಿ ಖಾಲಿಯಾಗುವುದಿಲ್ಲ. ಕುದುರೆಗೆ ಮೆಲುಕು ಇಲ್ಲ. ಅದರ ಜಠರ ಮೈಗೆ ಹೋಲಿಸಿದರೆ ತೀರಾ ಚಿಕ್ಕದು. 450–500 ಕಿಲೋ ತೂಗುವ ಕುದುರೆಗೂ 8ರಿಂದ 15 ಲೀಟರ್ ಹಿಡಿಯುವ ಚೀಲ ಅಷ್ಟೇ. ಬಯಲಲ್ಲಿ ಬಿಟ್ಟರೆ ದಿನಕ್ಕೆ 14ರಿಂದ 18 ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುವ ಪ್ರಾಣಿಗೆ ಒಪ್ಪುವ ಚೀಲ ಅದು. ವಾಂತಿ ಮಾಡಲು ಕುದುರೆಗೆ ಬರುವುದಿಲ್ಲ. ಒಳಗೆ ಹೋದದ್ದು ಮುಂದಕ್ಕೇ ಹೋಗಬೇಕು.

ಆಮ್ಲದ ವಿಷಯ ಇನ್ನೂ ಮುಖ್ಯ. ನಮ್ಮ ಹೊಟ್ಟೆ ಊಟದ ಹೊತ್ತಿಗೆ ಹೆಚ್ಚು ಆಮ್ಲ ಸುರಿಸುತ್ತದೆ. ಕುದುರೆಯ ಜಠರ ಹಗಲು ರಾತ್ರಿ ನಿಲ್ಲದೆ ಸುರಿಸುತ್ತದೆ, ಮೇವಿದ್ದರೂ ಇಲ್ಲದಿದ್ದರೂ. ಅದನ್ನು ತಣಿಸುವುದು ಜೊಲ್ಲು. ದೊಡ್ಡ ಕುದುರೆಯೊಂದು ದಿನಕ್ಕೆ 35–40 ಲೀಟರ್ ಜೊಲ್ಲು ಉತ್ಪಾದಿಸಬಲ್ಲದು. ಆದರೆ ಜಗಿದರೆ ಮಾತ್ರ ಜೊಲ್ಲು ಬರುತ್ತದೆ. ನೋಡಿದರೆ ಬರುವುದಿಲ್ಲ, ವಾಸನೆಗೆ ಬರುವುದಿಲ್ಲ. ಈಗ ಒಂದು ಲೆಕ್ಕ ಕೇಳಿ. ಒಂದು ಕಿಲೋ ಒಣಹುಲ್ಲನ್ನು ತಿನ್ನಲು ಕುದುರೆಗೆ ಸುಮಾರು 40 ನಿಮಿಷ ಬೇಕು, ಮೂರು ಸಾವಿರಕ್ಕೂ ಹೆಚ್ಚು ಸಲ ಜಗಿಯುತ್ತದೆ. ಒಂದು ಕಿಲೋ ಓಟ್ಸ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಜಗಿತ ಸಾವಿರದ ಒಳಗೆ. ಬೇಯಿಸಿದ ಹುರುಳಿ ಇನ್ನೂ ಬೇಗ ಇಳಿಯುತ್ತದೆ. ಹೊಟ್ಟೆ ತುಂಬಿದಂತೆ ನಮಗೆ ಕಾಣುತ್ತದೆ, ಜೊಲ್ಲು ಮಾತ್ರ ಹೋಗಿರುವುದಿಲ್ಲ. ಜಠರದ ಮೇಲರ್ಧದ ಒಳಗೋಡೆಗೆ ಆಮ್ಲ ತಡೆಯುವ ಲೋಳೆಯ ಹೊದಿಕೆಯೂ ಇಲ್ಲ. ಹುಣ್ಣು ಏಳುವುದು ಹೆಚ್ಚಾಗಿ ಅಲ್ಲಿಯೇ. ತರಬೇತಿಯಲ್ಲಿರುವ ರೇಸ್ ಕುದುರೆಗಳಿಗೆ ಕ್ಯಾಮೆರಾ ಇರುವ ನಳಿಕೆ ಇಳಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ಬಹುಪಾಲು ಕುದುರೆಗಳ ಜಠರದಲ್ಲಿ ಹುಣ್ಣು ಸಿಕ್ಕಿದೆ. ಲಕ್ಷಗಟ್ಟಲೆ ಬೆಲೆಯ, ದಿನಕ್ಕೆ ಎರಡು ಸಲ ಮೈ ಉಜ್ಜಿಸಿಕೊಳ್ಳುವ ಕುದುರೆಗಳ ಕಥೆ ಇದು. ನಮ್ಮ ಟಾಂಗಾ ಕುದುರೆಗೂ ಅದಕ್ಕೂ ಇರುವ ಸಾಮ್ಯ ಒಂದೇ: ಕಾಳು ಹೆಚ್ಚು, ಹುಲ್ಲು ಕಡಿಮೆ, ಉದ್ದನೆಯ ಉಪವಾಸ.

ಡೆನ್ಮಾರ್ಕಿನಲ್ಲಿ 201 ಕುದುರೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹುಣ್ಣಿನ ಅಪಾಯವನ್ನು ಹೆಚ್ಚಿಸುವ ಸಂಗತಿಗಳಾಗಿ ಅದರಲ್ಲಿ ಕಂಡದ್ದು ಇವು: ಎರಡು ಮೇವಿನ ನಡುವೆ ಆರು ಗಂಟೆಗೂ ಮೀರಿದ ಅಂತರ, ದಿನವೊಂದಕ್ಕೆ ಮೈತೂಕದ ಪ್ರತಿ ಕಿಲೋಗೆ ಎರಡು ಗ್ರಾಂ ಮೀರಿದ ಪಿಷ್ಟ, ಬಿಟ್ಟ ಆವರಣದಲ್ಲಿ ನೀರು ಇಲ್ಲದಿರುವುದು, ಬರೀ ಪೈರಿನ ಒಣ ಕಡ್ಡಿಯನ್ನೇ, ನಮ್ಮ ಭತ್ತದ ಹುಲ್ಲಿನಂಥದ್ದನ್ನೇ, ಮೇವಾಗಿ ಕೊಡುವುದು. ಓದುವಾಗ ನನಗೆ ಡೆನ್ಮಾರ್ಕ್ ಕಾಣಲಿಲ್ಲ, ಆ ಹಿರಿಯರ ಲಾಯ ಕಂಡಿತು. ಹೆಚ್ಚುಕಡಿಮೆ ನಾಲ್ಕೂ ಅಲ್ಲಿದ್ದವು.

ಜಠರ ದಾಟಿ ಹಿಂದಕ್ಕೆ ಹೋಗೋಣ. ಸಣ್ಣ ಕರುಳಿನ ನಂತರ 30 ಲೀಟರಿನಷ್ಟು ಹಿಡಿಯುವ ಕುರುಡುಗರುಳು, ಅದರಾಚೆ ಇನ್ನೂ ದೊಡ್ಡದಾದ ದೊಡ್ಡ ಕರುಳು. ಹುಲ್ಲಿನ ನಾರನ್ನು ಹುದುಗಿಸಿ ಶಕ್ತಿ ತೆಗೆಯುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ವಾಸಿಸುತ್ತವೆ. ಹಸುವಿನಲ್ಲಿ ಹುದುಗುವ ಕೊಪ್ಪರಿಗೆ ಮೊದಲು, ಕುದುರೆಯಲ್ಲಿ ಕೊನೆಗೆ. ಒಂದೇ ಸಲಕ್ಕೆ ಹೆಚ್ಚು ಕಾಳು ಕೊಟ್ಟರೆ ಸಣ್ಣ ಕರುಳಿಗೆ ಅದನ್ನು ಅರಗಿಸಲು ಆಗುವುದಿಲ್ಲ. ಉಳಿದ ಪಿಷ್ಟ ಹಿಂದಿನ ಕೊಪ್ಪರಿಗೆಗೆ ಬೀಳುತ್ತದೆ. ನಾರು ತಿನ್ನುವ ಜೀವಿಗಳು ಸೊರಗಿ, ಪಿಷ್ಟ ತಿಂದು ಹುಳಿ ಬಿಡುವ ಜೀವಿಗಳು ಹೆಚ್ಚುತ್ತವೆ. ಲದ್ದಿ ಸಡಿಲವಾಗುತ್ತದೆ, ಹುಳಿ ವಾಸನೆ ಬರುತ್ತದೆ, ಹೊಟ್ಟೆ ಉಬ್ಬುತ್ತದೆ, ಕೆಲವೊಮ್ಮೆ ಗೊರಸಿನ ಒಳಗೆ ಉರಿಯೂತ ಎದ್ದು ಕುದುರೆ ಕಾಯಂ ಕುಂಟಾಗುತ್ತದೆ. ಮದುವೆ ಛತ್ರದಿಂದ ಉಳಿದ ಅನ್ನವನ್ನು ಪ್ರೀತಿಯಿಂದ ಬಕೆಟ್ಟುಗಟ್ಟಲೆ ತಂದು ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ಆ ಪುಣ್ಯದ ಕೆಲಸದಿಂದ ಸತ್ತ ಕುದುರೆಗಳನ್ನು ನಾನು ನೋಡಿದ್ದೇನೆ.

ಎಷ್ಟು ಕಾಳು ಕೊಡಬಹುದು ಎಂದು ಕೇಳುತ್ತೀರಿ. ಮೊದಲು ಕುದುರೆಯ ತೂಕ ತಿಳಿಯಬೇಕು. ತಕ್ಕಡಿ ಬೇಡ, ದರ್ಜಿಯ ಟೇಪ್ ಸಾಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂದಿನ ತುದಿಯಿಂದ ಪೃಷ್ಠದ ಹಿಂದಿನ ಮೂಳೆಯವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಲೆಕ್ಕದಲ್ಲಿ ತೂಕ ಸುಮಾರಾಗಿ ಸಿಗುತ್ತದೆ. ಆ ಹೆಣ್ಣು ಕುದುರೆಯದು ಸುತ್ತಳತೆ 160, ಉದ್ದ 145. ಅಂದರೆ ಸುಮಾರು 312 ಕಿಲೋ. ಒಂದು ಹೊತ್ತಿಗೆ ಮೈತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪಿಷ್ಟ ಮೀರಬಾರದು, ಹೊಟ್ಟೆ ಕೆಟ್ಟ ಕುದುರೆಗೆ ಅದಕ್ಕಿಂತಲೂ ಕಡಿಮೆ ಇರಬೇಕು. ಮುಸುಕಿನ ಜೋಳದಲ್ಲಿ ಮೂರನೇ ಎರಡು ಪಾಲು ಪಿಷ್ಟವೇ. ಹಾಗಾದರೆ ಈ ಕುದುರೆಗೆ ಒಂದು ಹೊತ್ತಿಗೆ ಅರ್ಧ ಕಿಲೋ ಜೋಳ ಕೊಟ್ಟರೂ ಮಿತಿ ದಾಟಿತು. ಡಬ್ಬಿಯಲ್ಲಿ ಅಳೆಯಬೇಡಿ. ಅದೇ ಡಬ್ಬಿ ತುಂಬ ಓಟ್ಸ್ ಹಗುರ, ಜೋಳ ಭಾರ. ಒಂದು ಸಲ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಡಬ್ಬಿಗೆ ಗೆರೆ ಹಾಕಿಕೊಳ್ಳಿ.

ಹುರುಳಿಯ ಬಗ್ಗೆ ಒಂದು ಮಾತು, ಇಲ್ಲವಾದರೆ ನಾನು ಹುರುಳಿಯ ವೈರಿ ಎಂದುಕೊಳ್ಳುತ್ತೀರಿ. ಇಂಗ್ಲಿಷರು ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟು 'ಹಾರ್ಸ್ ಗ್ರಾಂ' ಎಂದರು. ಅದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನ್ ಇದೆ. ಹಸಿ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡ ಬರುವ ಅಂಶಗಳಿವೆ, ಬೇಯಿಸಿದರೆ ಅವು ಬಹುಮಟ್ಟಿಗೆ ಅಳಿಯುತ್ತವೆ. ಬೇಯಿಸಿ ಕೊಡಬೇಕೆಂದು ಹೇಳಿದ ಅಜ್ಜಂದಿರು ಕುದುರೆಯನ್ನು ನೋಡಿಯೇ ಹೇಳಿದ್ದರು. ತಪ್ಪು ಹುರುಳಿಯದಲ್ಲ, ಹುಲ್ಲಿನ ಜಾಗವನ್ನು ಹುರುಳಿಗೆ ಕೊಟ್ಟವರದು. ನಮ್ಮ ಭಾಷೆಯಲ್ಲಿ ಇನ್ನೊಂದು ಮೇವಿಗೂ ಕುದುರೆಯ ಹೆಸರಿದೆ. ಲೂಸರ್ನ್ ಸೊಪ್ಪಿಗೆ ನಾವು ಕುದುರೆ ಮಸಾಲೆ ಎನ್ನುತ್ತೇವೆ. ಟಿಪ್ಪುವಿನ ಕಾಲದಿಂದ ಕುಣಿಗಲ್ಲಿನಲ್ಲಿ ಕುದುರೆ ಸಾಕಿದ ನಾಡು ಇದು, ಅಂಥ ಹೆಸರು ಇಲ್ಲಿ ಹುಟ್ಟಿದರೆ ಆಶ್ಚರ್ಯವಿಲ್ಲ. ಈ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಧಾರಾಳ. ಪ್ರೋಟೀನ್ ಜೊತೆಗೂಡಿ ಅದು ಜಠರದ ಆಮ್ಲವನ್ನು ತಗ್ಗಿಸುತ್ತದೆ. ಅದನ್ನು ತಿಂದ ಕುದುರೆಗಳಲ್ಲಿ ಹುಣ್ಣಿನ ತೀವ್ರತೆ ಕಡಿಮೆ ಇದ್ದದ್ದನ್ನು ಪ್ರಯೋಗಗಳೂ ತೋರಿಸಿವೆ. ಹಾಗೆಂದು ಅದನ್ನೇ ಹೊಟ್ಟೆ ತುಂಬ ಹಾಕಬೇಡಿ. ಮೇವಿನ ಕಾಲು ಭಾಗದಷ್ಟು ಇರಲಿ, ಉಳಿದದ್ದು ಹುಲ್ಲು.

ಗಾಡಿ ಕಟ್ಟುವ ಮುಂಚೆ ಹೊಟ್ಟೆ ಖಾಲಿ ಇರಬೇಕು ಎಂಬ ನಂಬಿಕೆ ಎಲ್ಲ ಲಾಯಗಳಲ್ಲೂ ಇದೆ. ಕಾಳಿನ ಮಟ್ಟಿಗೆ ಅದು ಸರಿ. ಹುಲ್ಲಿನ ಮಟ್ಟಿಗೆ ತಪ್ಪು. ಕುದುರೆ ಓಡುವಾಗ ಹೊಟ್ಟೆಯ ಸ್ನಾಯುಗಳು ಬಿಗಿದು ಜಠರವನ್ನು ಒತ್ತುತ್ತವೆ, ಕೆಳಗಿನ ಆಮ್ಲ ಮೇಲಕ್ಕೆ ಚಿಮ್ಮುತ್ತದೆ. ಒಳಗೆ ಹುಲ್ಲಿನ ಹಾಸು ಇದ್ದರೆ ಚಿಮ್ಮುವುದು ತಗ್ಗುತ್ತದೆ. ಜೀನು ಅಥವಾ ಗಾಡಿ ಕಟ್ಟುವ ಅರ್ಧ ಗಂಟೆ ಮೊದಲು ಒಂದೆರಡು ಹಿಡಿ ಕತ್ತರಿಸಿದ ಕುದುರೆ ಮಸಾಲೆ ಕೊಡಿ. ಸವಾರಿ ಶಾಲೆ ನಡೆಸುವವರು ಇದನ್ನು ನಾಳೆಯಿಂದಲೇ ಮಾಡಬಹುದು. ಬೆವರಿದ ಕುದುರೆಗೆ ನೀರು ಕೊಡಬಾರದು ಎಂಬುದೂ ಇಂಥದ್ದೇ ನಂಬಿಕೆ. ಕೊಡಿ. ಬಾಯಾರಿದ ಕುದುರೆಯ ದೊಡ್ಡ ಕರುಳಿನಲ್ಲಿ ಮೇವು ಒಣಗಿ, ಕರುಳು ತಿರುಗಿ ಕಿರಿದಾಗುವ ಜಾಗದಲ್ಲಿ ಬೆಣೆಯಂತೆ ಕೂರುತ್ತದೆ. ಭತ್ತದ ಹುಲ್ಲು, ಸವೆದ ಹಲ್ಲು, ಖಾಲಿ ತೊಟ್ಟಿ ಮೂರೂ ಸೇರಿದರೆ ಗಂಟು ಕಟ್ಟುವುದು ಬಹುತೇಕ ಖಚಿತ. ದಿನಕ್ಕೆ ನೂರು ಕಿಲೋ ತೂಕಕ್ಕೆ ಹತ್ತು ಗ್ರಾಂ ಉಪ್ಪು ಮೇವಿನಲ್ಲಿ ಬೆರೆಸಿದರೆ ಕುದುರೆ ತಾನಾಗಿ ನೀರು ಕುಡಿಯುತ್ತದೆ.

ಆ ಹೆಣ್ಣು ಕುದುರೆಗೆ ಏನು ಮಾಡಿದೆವು ಎಂದು ಹೇಳಬೇಕು. ಮೊದಲು ಬಾಯಿ ತೆರೆದು ನೋಡಿದೆ. ದವಡೆಹಲ್ಲುಗಳ ಅಂಚು ಚೂಪಾಗಿ ಕೆನ್ನೆಯ ಒಳಭಾಗ ಗಾಯವಾಗಿತ್ತು. ಅರ ಹಾಕಿ ಉಜ್ಜಿ ಸಮ ಮಾಡಿದೆ. ನಂತರ ಒಂದು ಹಳೆಯ ನೋಟು ಪುಸ್ತಕ ಕೊಟ್ಟು, ಏನು ಕೊಟ್ಟಿರಿ, ಯಾವಾಗ ಕೊಟ್ಟಿರಿ, ಲದ್ದಿ ಹೇಗಿತ್ತು ಎಂದು ದಿನವೂ ಬರೆಯಲು ಹೇಳಿದೆ. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಮೊಮ್ಮಗಳು ಬರೆದಳು. ಹುರುಳಿಯನ್ನು ಅರ್ಧಕ್ಕೆ ಇಳಿಸಿ ನಾಲ್ಕು ಹೊತ್ತಿಗೆ ಹಂಚಿದೆವು. ಉಳಿದ ಹಣಕ್ಕೆ ಒಣಗಿಸಿದ ಗರಿಕೆ ಬಂತು. 312 ಕಿಲೋ ಕುದುರೆಗೆ ದಿನಕ್ಕೆ ಐದರಿಂದ ಆರು ಕಿಲೋ ಒಣಹುಲ್ಲು ಬೇಕು. ಹಸಿಯಾದರೆ ಸುಮಾರು 20ರಿಂದ 24 ಕಿಲೋ ಬೇಕು, ಏಕೆಂದರೆ ಹಸಿಹುಲ್ಲಿನ ಮುಕ್ಕಾಲು ಪಾಲು ನೀರು. "ಇಷ್ಟು ಹುಲ್ಲಿಗೆ ದುಡ್ಡು ಎಲ್ಲಿಂದ ತರಲಿ" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಶೂಲೆ ಬಂದಾಗಲೆಲ್ಲ ಕಳೆದುಕೊಂಡ ದಿನಗಳ ಬಾಡಿಗೆಯನ್ನು ಇಬ್ಬರೂ ಕೂತು ಕೂಡಿಸಿದೆವು. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ. ರಾತ್ರಿಯ ಪಾಲಿನ ಹುಲ್ಲನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಕಟ್ಟಿದೆವು, ಎಳೆ ಎಳೆಯಾಗಿ ಎಳೆದು ತಿನ್ನಲಿ ಎಂದು. ಎಂಟಕ್ಕೆ ಮುಗಿಯುತ್ತಿದ್ದ ಮೇವು ನಡುರಾತ್ರಿ ದಾಟಿತು. ಪಕ್ಕದಲ್ಲಿ ತುಂಬಿದ ತೊಟ್ಟಿ.

ಈ ಬದಲಾವಣೆಯನ್ನೆಲ್ಲ ಎರಡು ವಾರಗಳಲ್ಲಿ ಹಿಡಿ ಹಿಡಿಯಾಗಿ ಮಾಡಿದೆವು. ಕೊಪ್ಪರಿಗೆಯ ಜೀವಿಗಳಿಗೆ ಹೊಸ ಮೇವಿಗೆ ಒಗ್ಗಲು ಅಷ್ಟು ಸಮಯ ಬೇಕು. ಒಳ್ಳೆಯ ಮೇವನ್ನೂ ಒಂದೇ ದಿನದಲ್ಲಿ ಬದಲಿಸಿದರೆ ಅದೇ ಶೂಲೆಯಾಗುತ್ತದೆ. ವಾರಕ್ಕೊಮ್ಮೆ ಹೊಟ್ಟೆ ಸಡಿಲವಾಗಲೆಂದು ಬಿಸಿ ಬೂಸಾ ಕೊಡುವ ಪದ್ಧತಿಯನ್ನು ನಾನು ವಿರೋಧಿಸುವುದು ಇದಕ್ಕೇ. ಅದು ಹೊಟ್ಟೆ ಸಡಿಲಿಸುವ ಮದ್ದಲ್ಲ, ವಾರಕ್ಕೊಮ್ಮೆ ಕರುಳಿಗೆ ಕೊಡುವ ಆಘಾತ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತರಷ್ಟು ಹೆಚ್ಚು. ದಿನವೂ ಹೆಚ್ಚು ತಿಂದರೆ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ. ಆನೆಹುಲ್ಲು ಅಂದರೆ ನೇಪಿಯರ್ ಹುಲ್ಲೊಂದನ್ನೇ ನಂಬಿದವರೂ ಎಚ್ಚರವಾಗಿರಬೇಕು. ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಸುವಿಗೆ ಅದು ಅಷ್ಟಾಗಿ ತಾಕುವುದಿಲ್ಲ, ಕುದುರೆಗೆ ತಾಕುತ್ತದೆ.

ಹಸುವಿನ ಮೇವಿನ ಮಾತು ಬಂದದ್ದರಿಂದ ಇದನ್ನು ಜೋರಾಗಿ ಹೇಳುತ್ತೇನೆ. ಅಂಗಡಿಯ ಕೋಳಿ ಆಹಾರವನ್ನೂ ದನದ ಹಿಂಡಿಯನ್ನೂ ಕುದುರೆಗೆ ಹಾಕಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರುತ್ತದೆ. ಕೋಳಿಗೆ ಅದು ರಕ್ಷೆ. ಕುದುರೆಗೆ ಮೈತೂಕದ ಕಿಲೋಗೆ ಎರಡು ಮೂರು ಮಿಲಿಗ್ರಾಂ ಹೋದರೆ ಹೃದಯ ನಿಲ್ಲಬಹುದು.

ವಿದ್ಯಾರ್ಥಿಗಳು ಮುಂದಿನ ಸಾಲಿನಲ್ಲಿದ್ದಾರೆ, ಅವರಿಗೆ ಇನ್ನೊಂದು ಕುದುರೆಯ ವಿಷಯ ಹೇಳಲೇಬೇಕು. ಕುಂಟುತ್ತಿದ್ದ ಗಂಡು ಕುದುರೆ. ತಿಂಗಳುಗಟ್ಟಲೆ ಫಿನೈಲ್‌ಬ್ಯುಟಾಜೋನ್ ನೋವಿನ ಪುಡಿ ತಿಂದಿತ್ತು. ಆಮೇಲೆ ತೂಕ ಇಳಿಯಿತು, ಲದ್ದಿ ನೀರಾಯಿತು, ಆಗಾಗ ಸಣ್ಣ ಶೂಲೆ. ಮೊದಲ ಕುದುರೆಯ ಅನುಭವದ ಬಲದಲ್ಲಿ ನಾನು ಇದಕ್ಕೂ ಉದ್ದ ಹುಲ್ಲನ್ನು ಧಾರಾಳವಾಗಿ ಹಾಕಿಸಿದೆ. ಕುದುರೆ ಇನ್ನೂ ಸೊರಗಿತು. ಆ ಪುಡಿ ದೊಡ್ಡ ಕರುಳಿನ ಬಲ ಮೇಲ್ಭಾಗದಲ್ಲಿ ಹುಣ್ಣು ಮಾಡುತ್ತದೆ. ಹುಣ್ಣಾದ ಕರುಳಿಗೆ ಒರಟು ನಾರಿನ ಭಾರ ಹೊರಲು ಆಗುವುದಿಲ್ಲ. ಅಲ್ಲಿ ಬೇಕಾದದ್ದು ನಾರನ್ನು ನುಣ್ಣಗೆ ಪುಡಿ ಮಾಡಿ ಗುಳಿಗೆ ಕಟ್ಟಿದ ಪೂರ್ಣ ಆಹಾರ, ನೆನೆಸಿ, ದಿನಕ್ಕೆ ಐದಾರು ಸಣ್ಣ ಪಾಲಿನಲ್ಲಿ, ಮೂರರಿಂದ ಆರು ತಿಂಗಳು. ಶಕ್ತಿಗೆ ಎಣ್ಣೆ. ಕುದುರೆಗೆ ಪಿತ್ತಕೋಶವಿಲ್ಲ, ಪಿತ್ತ ನಿರಂತರ ಹರಿಯುತ್ತದೆ, ಆದ್ದರಿಂದ ಎರಡು ಮೂರು ವಾರಗಳಲ್ಲಿ ಚಮಚ ಚಮಚವಾಗಿ ಏರಿಸಿದರೆ ಎಣ್ಣೆಯನ್ನು ಚೆನ್ನಾಗಿಯೇ ಅರಗಿಸಿಕೊಳ್ಳುತ್ತದೆ. ಪುಡಿ ನಿಲ್ಲಿಸಿ ಆಹಾರ ಬದಲಿಸಿದ ಮೇಲೆ ಆ ಕುದುರೆ ಉಳಿಯಿತು. ಆದರೆ ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಆರು ವಾರ ತಡವಾಗಿ ಕೇಳಿದೆ, ಆ ಆರು ವಾರದ ನೋವು ಅದರದ್ದು. ನೋವು ಯಾವ ಭಾಗದಲ್ಲಿದೆ ಎಂದು ತಿಳಿಯದೆ ಮೇವು ಬರೆದುಕೊಡಬೇಡಿ. ನಳಿಕೆ ಇಳಿಸಿ ನೋಡಿ, ಲದ್ದಿಯಲ್ಲಿ ಜಂತಿನ ಮೊಟ್ಟೆ ಎಣಿಸಿ, ರಕ್ತದ ಪ್ರೋಟೀನ್ ನೋಡಿ. ಜಠರದ ಆಳವಾದ ಹುಣ್ಣಿಗೆ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಔಷಧಿ ಬೇಕೇ ಬೇಕು, ಮೇವೊಂದೇ ಅದನ್ನು ಮಾಯಿಸುವುದಿಲ್ಲ. ಮೇವು ಬದಲಾಗದಿದ್ದರೆ ಔಷಧಿ ನಿಲ್ಲಿಸಿದ ಮೇಲೆ ಹುಣ್ಣು ಮರಳುತ್ತದೆ.

ಮಾಲೀಕರು ನೆನಪಿಡಬೇಕಾದದ್ದೂ ಒಂದಿದೆ. ನಾನು ಹೇಳುತ್ತಿರುವುದು ಹಳೆಯ, ಮರುಕಳಿಸುವ ತೊಂದರೆಗೆ. ಕುದುರೆ ಹೊರಳಾಡುತ್ತಿದ್ದರೆ, ಲದ್ದಿ ನಿಂತಿದ್ದರೆ, ಒಸಡು ಕೆಂಪೇರಿದ್ದರೆ, ವಿಶ್ರಾಂತಿಯಲ್ಲೂ ನಾಡಿ ನಿಮಿಷಕ್ಕೆ 60 ದಾಟಿದ್ದರೆ ಮೇವು ತೆಗೆದಿಟ್ಟು ತಕ್ಷಣ ವೈದ್ಯರನ್ನು ಕರೆಯಿರಿ.

ಹೆಣ್ಣು ಕುದುರೆಯ ನೋಟು ಪುಸ್ತಕ ನನ್ನ ಬಳಿ ಇದೆ. ಮೂರು ವಾರಕ್ಕೊಮ್ಮೆ ಬರುತ್ತಿದ್ದ ಶೂಲೆ ಮೊದಲು ಎರಡು ತಿಂಗಳಿಗೆ ಹೋಯಿತು. ಆಮೇಲಿನ ವರ್ಷವಿಡೀ ಒಂದೇ ಒಂದು ಸಲ, ದಸರೆಯ ವಾರದಲ್ಲಿ. ಆ ಪುಟದಲ್ಲಿ ಮೊಮ್ಮಗಳು ಬರೆದಿದ್ದಾಳೆ: "ಮೂರು ದಿನ ತುಂಬಾ ಬಾಡಿಗೆ. ರಾತ್ರಿ ಹುಲ್ಲು ಕಟ್ಟಲು ಮರೆತೆವು."

ಈಗ ಕಿಟಕಿಯ ಹತ್ತಿರ ಬನ್ನಿ. ಕೈಗವಸನ್ನು ಅಲ್ಲಾಡಿಸಬೇಡಿ. ಮೇಲೆ ತೇಲುತ್ತಿರುವುದು ನಾರು. ಬೆರಳುಗಳನ್ನು ಹೊರಗಿನಿಂದ ಹಿಸುಕಿ ನೋಡಿ, ನಡುಬೆರಳು ಮತ್ತು ಉಂಗುರಬೆರಳಿನ ತುದಿಯಲ್ಲಿ ಒಂದು ಗೆಣ್ಣಿನಷ್ಟು ಕರಕರ ಎನ್ನುತ್ತದೆ. ಅದು ಮರಳು. ನೆಲಕ್ಕೆ ಸುರಿದ ಕಾಳನ್ನು ಮಣ್ಣಿನ ಸಮೇತ ನೆಕ್ಕಿದ್ದು. ಏನೂ ಕಾಣಿಸದಿದ್ದರೆ ಒಳಗೆ ಮರಳಿಲ್ಲ ಎಂದು ಹೇಳಲಾಗದು, ಆದರೆ ಇಷ್ಟು ಕಂಡರೆ ಸುಮ್ಮನಿರಬಾರದು. ಕಂದು ಕುದುರೆಯ ಮಾಲೀಕರು ಯಾರು? ಬನ್ನಿ ಅಣ್ಣ, ನೀವೇ ಮುಟ್ಟಿ ನೋಡಿ. ನಾಳೆ ಬೆಳಿಗ್ಗೆ ಅದನ್ನು ಕರೆತನ್ನಿ, ಒಳಗೆ ಎಷ್ಟಿದೆ ಎಂದು ಪರೀಕ್ಷಿಸೋಣ. ಹೆಚ್ಚಿದ್ದರೆ ಮೂಗಿನ ಮೂಲಕ ನಳಿಕೆ ಇಳಿಸಿ ಇಸಬ್‌ಗೋಲ್ ಮತ್ತು ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತೇನೆ. ಕಡಿಮೆ ಇದ್ದರೆ ಇಸಬ್‌ಗೋಲ್ ಹೊಟ್ಟನ್ನು ಸ್ವಲ್ಪ ಎಣ್ಣೆಯೊಂದಿಗೆ ಮೇವಿಗೆ ಬೆರೆಸಿ ಕೂಡಲೇ ತಿನ್ನಿಸಬೇಕು, ನೆನೆದು ಲೋಳೆಯಾದರೆ ಕುದುರೆ ಮೂಸುವುದಿಲ್ಲ. ಎಷ್ಟು ಗ್ರಾಂ ಎಂದು ತೂಕ ನೋಡಿ ಹೇಳುತ್ತೇನೆ. ಇವತ್ತು ರಾತ್ರಿ ಮಾತ್ರ ಎರಡು ಕೆಲಸ ಮಾಡಿ: ಗೋದಲಿಯ ಕೆಳಗೆ ಹಳೆಯ ರಬ್ಬರ್ ಹಾಸು ಹಾಕಿ, ಮತ್ತು ಮಲಗುವ ಮುಂಚೆ ಒಂದು ಹೊರೆ ಹುಲ್ಲು ಹೆಚ್ಚಿಗೆ ಕಟ್ಟಿ. ಮರಳನ್ನು ಮುಂದಕ್ಕೆ ತಳ್ಳಲು ಒಳಗೆ ಹುಲ್ಲು ಇರಬೇಕು.